ಸ್ಕ್ರೀನ್ ಹೋದ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ

ಕ್ಯಾತ್ಸಂದ್ರದ ಮೇಷ್ಟ್ರೊಬ್ಬರು ಹಳೇ ಲ್ಯಾಪ್‌ಟಾಪ್ ಹಿಡಿದು ನನ್ನ ಅಂಗಡಿಗೆ ಬಂದರು. ಕೀಲು ಮುರಿದಿತ್ತು, ಸ್ಕ್ರೀನ್ ತುಂಬಾ ಗೆರೆ. "ಗುಜರಿಗೆ ಹಾಕಿದ್ರೆ ಏನಾದ್ರೂ ಬರುತ್ತಾ ಸರ್?" ಅಂದರು. ಜೊತೆಗೇ ಇನ್ನೊಂದು ದೂರು: ಮನೆಯ ನಾಲ್ಕು ಫೋನೂ ಫೋಟೊ ತುಂಬಿ ನಿಂತುಬಿಟ್ಟಿವೆ.

"ಮೇಷ್ಟ್ರೇ, ಆ ಕಷ್ಟಕ್ಕೆ ಔಷಧಿ ನಿಮ್ಮ ಕೈಯಲ್ಲೇ ಇದೆ" ಅಂದೆ.

ಗೂಗಲ್ ಫೋಟೊಸ್‌ನಲ್ಲಿ ಎಷ್ಟು ಬೇಕಾದರೂ ಪುಕ್ಕಟೆಯಾಗಿ ಇಡುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಮೇಲ್, ಡ್ರೈವ್, ಫೋಟೊ ಎಲ್ಲ ಸೇರಿ 15 ಜಿಬಿ. ಆಮೇಲೆ ದುಡ್ಡು ಕಟ್ಟುತ್ತಲೇ ಇರಬೇಕು. ಅದರ ಬದಲು ಮನೆಯಲ್ಲೇ ದಿನವಿಡೀ ಆನ್ ಇರುವ ಒಂದು ಪುಟ್ಟ ಕಂಪ್ಯೂಟರ್ ಇಟ್ಟು, ಫೋಟೊಗಳನ್ನೆಲ್ಲ ಅದಕ್ಕೆ ಕಳಿಸಬಹುದು. ಹೋಮ್ ಸರ್ವರ್ ಅಂದರೆ ಇಷ್ಟೇ.

ಇದಕ್ಕೆ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ತಗೊಳ್ಳಿ ಅಂತ ಹಲವರು ಹೇಳುತ್ತಾರೆ. ಅದು ಒಳ್ಳೆಯದೇ. ಆದರೆ ಅದು ಸಾಮಾನ್ಯವಾಗಿ ಓಡುವುದು ಮೆಮೊರಿ ಕಾರ್ಡಿನಿಂದ; ಅದಕ್ಕೆ ಏನೋ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಕೆಡಬಹುದು. ನಮ್ಮ ತುಮಕೂರಿನಲ್ಲಿ ಮಳೆ ಗಾಳಿ ಶುರುವಾದರೆ ಕರೆಂಟ್ ಕಥೆ ಗೊತ್ತೇ ಇದೆಯಲ್ವಾ? ಲ್ಯಾಪ್‌ಟಾಪಿಗೆ ಅದರ ಬ್ಯಾಟರಿಯೇ ಯುಪಿಎಸ್. ಹಾಗಾಗಿ ನನ್ನ ಓಟು ಹಳೇ ಲ್ಯಾಪ್‌ಟಾಪಿಗೇ. ಆದರೆ ಬ್ಯಾಟರಿ ಉಬ್ಬಿದ್ದರೆ ಮುಲಾಜಿಲ್ಲದೆ ತೆಗೆಸಿ, ಅದು ಬೆಂಕಿಗೆ ದಾರಿ. ಚೆನ್ನಾಗಿದ್ದರೆ 80 ಪರ್ಸೆಂಟ್‌ಗೇ ಚಾರ್ಜ್ ನಿಲ್ಲುವಂತೆ ಸೆಟ್ ಮಾಡಿ, ಜಾಸ್ತಿ ದಿನ ಬಾಳುತ್ತದೆ.

ಮೇಷ್ಟ್ರ ಲ್ಯಾಪ್‌ಟಾಪಿಗೆ 4 ಜಿಬಿ ರ‍್ಯಾಮ್ ಸೇರಿಸಿ 8 ಮಾಡಿದೆ. ವಿಂಡೋಸ್ ಬದಲು ಡೆಬಿಯನ್ ಅನ್ನೋ ಪುಕ್ಕಟೆ ಲಿನಕ್ಸ್ ಹಾಕಿದೆ, ಐಕಾನು ಕಿಟಕಿಗಳ ಪರದೆ ಇಲ್ಲದೆ. ಮುಚ್ಚಿಟ್ಟರೂ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಾಯಿಸಿದೆ. ಇದನ್ನು ಮರೆತು "ಸರ್ವರ್ ಸತ್ತುಹೋಯ್ತು" ಅಂತ ಫೋನ್ ಮಾಡುವವರೇ ಜಾಸ್ತಿ. ಫೋನಿನ ಫೋಟೊಗಳನ್ನು ತಂದಿಡಲು ಇಮ್ಮಿಚ್, ಫೈಲುಗಳನ್ನು ಮನೆಯವರೆಲ್ಲ ಹಂಚಿಕೊಳ್ಳಲು ಸಾಂಬಾ ಅನ್ನೋ ಪ್ರೋಗ್ರಾಮ್ ಹಾಕಿದೆ. ಎರಡೂ ಪುಕ್ಕಟೆ. ಈಗ ಅದು ಟಿವಿ ಸ್ಟ್ಯಾಂಡಿನ ಹಿಂದೆ, ರೂಟರ್ ಪಕ್ಕ ಕೂತಿದೆ. ಮೀಟರ್ ಹಾಕಿ ನೋಡಿದೆ, 11 ವಾಟ್. ತಿಂಗಳಿಗೆ ಸುಮಾರು 8 ಯೂನಿಟ್. 60 ವಾಟ್ ಎಳೆಯುವ ಹಳೇ ಡೆಸ್ಕ್‌ಟಾಪ್ ಆಗಿದ್ದರೆ 43 ಯೂನಿಟ್ ಆಗುತ್ತಿತ್ತು.

ಫೋಟೊ ಇಡಲು ಹೊರಗಿನಿಂದ ಜೋಡಿಸುವ ಡಿಸ್ಕ್ ತಗೊಳ್ಳುವಾಗ ಒಂದು ವಿಷಯ. ದೊಡ್ಡ 3.5 ಇಂಚಿನದಕ್ಕೆ ಬೇರೆ ಅಡಾಪ್ಟರ್ ಬೇಕು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ನಡೆಯುತ್ತಿರುತ್ತದೆ, ಡಿಸ್ಕ್ ಮಾತ್ರ ತಟ್ಟನೆ ನಿಲ್ಲುತ್ತದೆ. ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವ 2.5 ಇಂಚಿನದು ಅಥವಾ ಎಸ್‌ಎಸ್‌ಡಿ (ಒಳಗೆ ತಿರುಗುವ ಭಾಗವಿಲ್ಲದ ಡಿಸ್ಕ್) ಹಾಕಿ.

ಊರಾಚೆಯಿಂದ ನೋಡಬೇಕು ಅಂತ ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆಯಬೇಡಿ. ತೆರೆದ ಬಾಗಿಲನ್ನು ತಟ್ಟುತ್ತಲೇ ಇರುವ ಪ್ರೋಗ್ರಾಮ್‌ಗಳು ಇಂಟರ್ನೆಟ್ ತುಂಬಾ ಇವೆ. ನಿಮ್ಮ ಸಾಧನಗಳನ್ನಷ್ಟೇ ಇಂಟರ್ನೆಟ್ ಮೂಲಕ ಗುಟ್ಟಾಗಿ ಜೋಡಿಸುವ ಟೇಲ್‌ಸ್ಕೇಲ್ ಆ್ಯಪ್ ಹಾಕಿಕೊಂಡರೆ ನಿಮ್ಮ ಫೋನುಗಳಿಗೆ ಮಾತ್ರ ದಾರಿ.

ಇನ್ನು ಬ್ಯಾಕಪ್. ಇದನ್ನು ಕೈಮುಗಿದು ಹೇಳುತ್ತೇನೆ. ನನ್ನ ಮೊದಲ ಸರ್ವರ್‌ನಲ್ಲಿ ಎರಡು ಡಿಸ್ಕ್ ಇದ್ದವು. ಒಂದಕ್ಕೆ ಬರೆದದ್ದು ಇನ್ನೊಂದಕ್ಕೂ ಹೋಗುತ್ತಿತ್ತು, ಇದಕ್ಕೆ ರೇಡ್ ಅನ್ನುತ್ತಾರೆ. ಇನ್ನು ಭಯವಿಲ್ಲ ಅಂದುಕೊಂಡಿದ್ದೆ. ಒಂದು ರಾತ್ರಿ ನಿದ್ದೆಗಣ್ಣಲ್ಲಿ ತಪ್ಪು ಫೋಲ್ಡರ್ ಅಳಿಸಿದೆ. ಅಪ್ಪನ ಅರವತ್ತರ ಶಾಂತಿಯ ಫೋಟೊಗಳು ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋದವು. ಡಿಸ್ಕ್ ಕೆಟ್ಟಾಗ ರೇಡ್ ಕಾಪಾಡುತ್ತದೆ, ಕೈ ತಪ್ಪಿದಾಗ ಅಲ್ಲ. ಅಪ್ಪ ಈಗಿಲ್ಲ. ಆ ಫೋಟೊಗಳಲ್ಲಿ ನನ್ನ ಹತ್ತಿರ ಉಳಿದದ್ದು ಅತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಮೂರು.

ಹಾಗಾಗಿ ಮೇಷ್ಟ್ರಿಗೆ ಇನ್ನೊಂದು ಡಿಸ್ಕ್ ಕೊಡಿಸಿದೆ. ಅದಕ್ಕೆ ಎಲ್ಲವನ್ನೂ ಕಾಪಿ ಮಾಡಿ ಬಿಚ್ಚಿಡಬೇಕು, ಬೇರೆ ಮನೆಯಲ್ಲಿ ಇಡಬೇಕು. ಅದೀಗ ಗುಬ್ಬಿಯಲ್ಲಿ ಅವರ ತಮ್ಮನ ಮನೆ ಬೀರುವಿನಲ್ಲಿದೆ. ತಿಂಗಳಿಗೊಮ್ಮೆ ತಂದು ಹೊಸದನ್ನು ಸೇರಿಸಿ ವಾಪಸ್ ಕಳಿಸುತ್ತಾರೆ. ಹೋದ ಸಲ ತಂದಾಗ ನನ್ನೆದುರಿಗೇ ಅದರಿಂದ ಹತ್ತು ಫೋಟೊ ತೆರೆಸಿ ನೋಡಿದೆ. ಹತ್ತೂ ತೆರೆದವು.