ಮಿಷನ್ ಆಸ್ಪತ್ರೆಯ ಹಳೆಯ ದಾಖಲೆಯೂ ಮಕ್ಕಳ ಬೊಜ್ಜೂ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಈಗಲೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು 1934ರಿಂದ ಬರೆದಿಡಲಾಗಿತ್ತು. ಬರೆದವರಿಗೆ ಅದು ದಿನನಿತ್ಯದ ಕೆಲಸ. ಅರವತ್ತು ವರ್ಷಗಳ ಬಳಿಕ ಸಂಶೋಧಕರು ಆ ದಾಖಲೆ ಹಿಡಿದು, ನಡುವಯಸ್ಸಿಗೆ ಬಂದಿದ್ದ ಅದೇ ‘ಕೂಸು’ಗಳನ್ನು ಹುಡುಕಿಕೊಂಡು ಹೊರಟರು. 517 ಮಂದಿಯ ತಪಾಸಣೆಯ ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು: ಹುಟ್ಟುವಾಗ ಐದೂವರೆ ಪೌಂಡ್, ಅಂದರೆ ಎರಡೂವರೆ ಕಿಲೋ ಮೀರದವರಲ್ಲಿ ಶೇ 11ರಷ್ಟು ಜನರಿಗೆ ಹೃದ್ರೋಗ, ಏಳು ಪೌಂಡ್ ದಾಟಿದವರಲ್ಲಿ ಶೇ 3 ಮಾತ್ರ.

ಹೃದ್ರೋಗಕ್ಕೂ ಮಕ್ಕಳ ಬೊಜ್ಜಿಗೂ ಇರುವ ನಂಟಿನ ಎಳೆ ಪುಣೆಯಲ್ಲಿ ಸಿಕ್ಕಿತು. ಅಲ್ಲಿನ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿದರು. ನಮ್ಮವು ಸರಾಸರಿ 2.7 ಕಿಲೋ, ಅಲ್ಲಿಯವು 3.5. ಕಡಿಮೆಯಾಗಿದ್ದದ್ದು ಸ್ನಾಯು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಬಹುಮಟ್ಟಿಗೆ ಹಾಗೇ ಉಳಿದಿತ್ತು. ಮೈಸೂರಿನ ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಶುರುವಾದ ‘ಪಾರ್ಥೆನಾನ್’ ಅಧ್ಯಯನವೂ ಇದನ್ನೇ ಕಂಡಿತು. ಹೆಗಲ ಮೂಳೆಯ ಕೆಳಗಿನ ಚರ್ಮವನ್ನು ಚಿಮ್ಮಟದಂಥ ಸಾಧನದಲ್ಲಿ ಮಡಿಸಿ ಹಿಡಿದು ಅಳೆದಾಗ, ನಾಲ್ಕು ವರ್ಷದ ಮೈಸೂರಿನ ಮಕ್ಕಳು ಬೇರೆಲ್ಲ ಅಳತೆಗಳಲ್ಲಿ ಬ್ರಿಟನ್ನಿನ ಮಕ್ಕಳಿಗಿಂತ ಹಿಂದೆ, ಬೆನ್ನಿನ ಕೊಬ್ಬಿನಲ್ಲಿ ಮಾತ್ರ ಮುಂದೆ.

ಅಂದರೆ ಬಡಕಲು ಕೂಸು, ಬೊಜ್ಜಿನ ಹುಡುಗ ಎಂದು ನಾವು ಎರಡು ಮಾಡಿಕೊಂಡಿರುವುದು ಹಲವು ಬಾರಿ ಒಂದೇ ಮಗು. ಸಣ್ಣಗೆ ಹುಟ್ಟಿತೆಂದು ಮರುಗಿ, ತುಪ್ಪ ಸುರಿದು ತುತ್ತಿನ ಮೇಲೆ ತುತ್ತು ತುರುಕಿ, ಗುಂಡಗಾದ ಮೇಲೆ ದೃಷ್ಟಿ ಬೊಟ್ಟಿಟ್ಟು ಹಿಗ್ಗುವ ಮನೆಗಳೇ ಹನ್ನೆರಡು ವರ್ಷವಾಗುವ ಹೊತ್ತಿಗೆ ಅದೇ ಮಗುವನ್ನು ಡುಮ್ಮ ಎನ್ನುತ್ತವೆ.

ಈ ಮೈಕಟ್ಟಿನ ಮೇಲೆ ಪೊಟ್ಟಣದ ತಿಂಡಿ, ಸಿಹಿ ಪಾನೀಯ, ಕೂತಲ್ಲೇ ಕಳೆಯುವ ಸಂಜೆಗಳು ಬಂದು ಬಿದ್ದವು. 1990ರಲ್ಲಿ ಭಾರತದ 5ರಿಂದ 19 ವರ್ಷದವರಲ್ಲಿ ಬೊಜ್ಜಿದ್ದವರು ಸುಮಾರು 4 ಲಕ್ಷ, 2022ರಲ್ಲಿ 1.25 ಕೋಟಿ. ಭಾರತೀಯ ಮಕ್ಕಳ ತಜ್ಞರ ಸಂಘವು 2015ರ ಬೆಳವಣಿಗೆ ಪಟ್ಟಿಯಲ್ಲಿ ಅಧಿಕ ತೂಕ ಮತ್ತು ಬೊಜ್ಜಿನ ಎಚ್ಚರಿಕೆಯ ಗೆರೆಗಳನ್ನು ವಯಸ್ಕರ ದೇಹತೂಕ ಸೂಚ್ಯಂಕ (ಎತ್ತರಕ್ಕೆ ಹೋಲಿಸಿ ತೂಕ ಎಷ್ಟೆಂದು ಹೇಳುವ ಅಳತೆ) 23 ಮತ್ತು 27ಕ್ಕೆ ಹೊಂದಿಸಿ ಎಳೆಯಿತು. ಬೇರೆಡೆ ಅವು 25 ಮತ್ತು 30. ನಮ್ಮ ದೇಹ ಕಡಿಮೆ ತೂಕದಲ್ಲೇ ತೊಂದರೆಗೆ ಸಿಲುಕುತ್ತದೆ ಎಂಬುದೇ ಕಾರಣ.

ಬೊಜ್ಜು ಇಳಿಸುವ ದಾರಿಗೂ ತನ್ನದೇ ಚರಿತ್ರೆಯಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯೊನಾರ್ಡ್ ಎಪ್‌ಸ್ಟೀನ್ ಆಹಾರವನ್ನು ಸಂಚಾರ ದೀಪದಂತೆ ಕೆಂಪು, ಹಳದಿ, ಹಸಿರು ಎಂದು ವಿಂಗಡಿಸಿ ಮಕ್ಕಳಿಗೆ ಕಲಿಸಿದರು. 1990ರಲ್ಲಿ ಅವರು ಪ್ರಕಟಿಸಿದ ಹತ್ತು ವರ್ಷಗಳ ಫಲಿತಾಂಶದಲ್ಲಿ ಮುಖ್ಯವಾದದ್ದು ಬಣ್ಣವಲ್ಲ. ಮಗುವಿನ ಜೊತೆ ತಂದೆ ಅಥವಾ ತಾಯಿಯೂ ತಿನ್ನುವ ರೀತಿ ಬದಲಿಸಿದ ಮನೆಗಳಲ್ಲೇ ಫಲ ಹೆಚ್ಚು ಉಳಿದಿತ್ತು. ಅಪ್ಪ ಚಿಪ್ಸ್ ಪೊಟ್ಟಣ ಬಿಚ್ಚಿ ಟಿವಿ ಮುಂದೆ ಕೂತು, ಮಗನಿಗೆ ಸೌತೆಕಾಯಿ ಹೋಳು ಕೊಟ್ಟರೆ ನಡೆಯದು. ಬೆಳೆಯುವ ವಯಸ್ಸಿನಲ್ಲಿ ಎಷ್ಟೋ ಸಲ ತೂಕ ಇಳಿಸಲೂ ಬೇಕಿಲ್ಲ. ಏರದಂತೆ ನೋಡಿಕೊಂಡರೆ ಎತ್ತರವೇ ಅದನ್ನು ಸರಿದೂಗಿಸುತ್ತದೆ. ಊಟ ಬಿಡಿಸುವುದಂತೂ ಸಲ್ಲದು.

ಔಷಧದ ಅಧ್ಯಾಯ ಹೊಸದು. 12 ವರ್ಷ ತುಂಬಿದವರಿಗೆ, ಹಸಿವು ತಗ್ಗಿಸಿ ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿಗೆ ಅಮೆರಿಕ 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅದು ವೈದ್ಯರ ನಿಗಾದಲ್ಲಿ, ತೀವ್ರ ಬೊಜ್ಜಿಗೆ ಮಾತ್ರ ಯೋಚಿಸಬೇಕಾದ ದಾರಿ.

ಇತ್ತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವು ಶಾಲೆಯೊಳಗೂ ಗೇಟಿನಿಂದ 50 ಮೀಟರ್‌ವರೆಗೂ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳ ಮಾರಾಟವನ್ನು 2020ರ ನಿಯಮದಲ್ಲಿ ನಿಷೇಧಿಸಿತು. ಐವತ್ತು ಮೀಟರ್ ಎಂದರೆ ಎಂಟರ ಹುಡುಗನಿಗೆ ಅರ್ಧ ನಿಮಿಷದ ದಾರಿ. ಬೆಲ್ಲು ಹೊಡೆದ ಮೇಲಂತೂ ಇನ್ನೂ ಕಡಿಮೆ.