ವರ್ಕ್ ಫ್ರಮ್ ಹೋಮ್ ಕಾಸರಗೋಡಿಗೆ ಹೊಸತಲ್ಲ

ಪೈವಳಿಕೆ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಒಂದು ಮೂಲೆ ಇದೆ. ಗೋಡೆಗೆ ಒರಗಿ ಕೂತರೆ ಅಂಗಳ, ಗೇಟು, ರಸ್ತೆಯಲ್ಲಿ ಹೋಗುವ ಬಸ್ಸು ಎಲ್ಲ ಕಾಣುತ್ತದೆ. ಬೆನ್ನು ತಾಗಿ ತಾಗಿ ಅಷ್ಟು ಜಾಗದ ಸುಣ್ಣ ನುಣುಪಾಗಿದೆ. ಅಮ್ಮ ಇಪ್ಪತ್ತೆಂಟು ವರ್ಷ ಅಲ್ಲಿ ಕೂತು ಬೀಡಿ ಕಟ್ಟಿದರು. ಈಗ ಅಕ್ಕನ ಮಗಳು ಅಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾಳೆ. ಅವಳ ಕಂಪನಿ ಇರುವುದು ಬೆಂಗಳೂರಲ್ಲಿ, ಕಂಪನಿಯ ಗಿರಾಕಿಗಳು ಅಮೆರಿಕದಲ್ಲಿ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಅದಕ್ಕೆ ಜಗಲಿ. ಅಮ್ಮನಿಗೂ ಒಳಗೆ ಬೆಳಕು ಸಾಲುತ್ತಿರಲಿಲ್ಲ.

2020ರಲ್ಲಿ ಪೇಪರುಗಳೆಲ್ಲ 'ಮನೆಯಿಂದಲೇ ಕೆಲಸ' ಅಂತ ಪುಟಗಟ್ಟಲೆ ಬರೆದವು. ಹೇಗೆ ಕೂರಬೇಕು, ಮಕ್ಕಳನ್ನು ಹೇಗೆ ಸುಮ್ಮನಿರಿಸಬೇಕು, ಮನೆಕೆಲಸ ಮತ್ತು ಆಫೀಸ್ ಕೆಲಸ ಕಲಸುಮೇಲೋಗರ ಆಗದ ಹಾಗೆ ಏನು ಮಾಡಬೇಕು ಅಂತೆಲ್ಲ ಸಲಹೆ. ಅಮ್ಮನಿಗೆ ಓದಿ ಹೇಳಿದೆ. "ಇದನ್ನೆಲ್ಲ ನಮ್ಮನ್ನು ಕೇಳಿದ್ದರೆ ಹೇಳ್ತಿದ್ದೆವಲ್ಲ" ಅಂದರು. ತಮಾಷೆಗೆ ಅಂದದ್ದು, ಆದರೆ ಮಾತು ಸರಿ. ಮನೆಯಲ್ಲಿ ಕೂತು ದುಡಿಯುವವರಿಗೆ ಧಣಿ ಯಾರು, ಕೂಲಿ ಮುರಿದರೆ ಯಾರನ್ನು ಕೇಳಬೇಕು ಎಂಬ ಜಗಳ ನಮ್ಮ ಕರಾವಳಿಗೆ ಅರವತ್ತು ವರ್ಷಕ್ಕೂ ಹಳೆಯದು. ಅದು ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದೆ.

ಒಂದು ವಿಚಿತ್ರ ನೋಡಿ. ಬೀಡಿಗೆ ಬೇಕಾದ ಯಾವುದೂ ನಮ್ಮಲ್ಲಿ ಸಿಗುವುದಿಲ್ಲ. ತೆಂಡು ಎಲೆ ಮಧ್ಯಪ್ರದೇಶ, ಒಡಿಶಾ ಕಡೆಯಿಂದ ಬರಬೇಕು. ಹೊಗೆಸೊಪ್ಪು ನಿಪ್ಪಾಣಿಯಿಂದಲೋ ಗುಜರಾತಿನಿಂದಲೋ ಬರಬೇಕು. ಆದರೂ ಮಂಗಳೂರಿನಿಂದ ಕಣ್ಣೂರಿನವರೆಗೆ ಬೀಡಿ ದೊಡ್ಡ ಉದ್ಯಮವಾಗಿ ಬೆಳೆಯಿತು. ಇಲ್ಲಿ ಅಗ್ಗಕ್ಕೆ ಸಿಗುತ್ತಿದ್ದದ್ದು ಬೆರಳು. ಗದ್ದೆ ಕೆಲಸ ಮಳೆಗಾಲಕ್ಕೆ, ಅಡಿಕೆ ಸುಲಿಯುವ ಕೆಲಸ ಕೊಯ್ಲಿನ ಮೇಲೆ ಕೆಲವು ತಿಂಗಳಿಗೆ. ಉಳಿದ ದಿನಗಳಲ್ಲಿ ಮನೆಗೆ ಚಿಲ್ಲರೆ ಕಾಸು ಬರುವುದು ಬೇಡವಾ?

ಕೆಲಸ ನೋಡಲು ಸುಲಭ. ಎಲೆಯನ್ನು ನೀರಲ್ಲಿ ನೆನೆಸಿ ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಬೆಳಿಗ್ಗೆ ತಗಡಿನ ಅಳತೆ ಇಟ್ಟು, ನರ ಅಡ್ಡ ಬಾರದ ಹಾಗೆ ಕತ್ತರಿಸಬೇಕು. ಆಮೇಲೆ ತಡ್ಪೆ ಮಡಿಲಿಗೆ ಬರುತ್ತದೆ. ಗೆರಸಿಗೆ ತುಳುವಿನಲ್ಲಿ ತಡ್ಪೆ ಅನ್ನುತ್ತಾರೆ. ಒಂದು ಚಿಟಿಕೆ ಪುಡಿ, ಒಂದು ಸುರುಳಿ, ತುದಿಯನ್ನು ಉಗುರಿನಲ್ಲಿ ಒತ್ತಿ ಒಳಗೆ ಮಡಚುವುದು, ಎರಡು ಸುತ್ತು ನೂಲು. 25 ಬೀಡಿಗೆ ಒಂದು ಕಟ್ಟು, 40 ಕಟ್ಟಾದರೆ ಸಾವಿರ. ಕೂಲಿ ಸಾವಿರದ ಲೆಕ್ಕಕ್ಕೆ. ಕೈ ಚುರುಕಿದ್ದವರಿಗೂ ಸಾವಿರ ಮುಗಿಸಲು ಇಡೀ ದಿನ ಬೇಕು. ಅಮ್ಮ ಅನ್ನಕ್ಕೆ ಇಟ್ಟು ಬಂದು ಐದು ಕಟ್ಟು ಮಾಡುತ್ತಿದ್ದರು, ದನಕ್ಕೆ ಹುಲ್ಲು ಹಾಕಿ ಬಂದು ಇನ್ನು ನಾಲ್ಕು. ಪಕ್ಕದಲ್ಲಿ ರೇಡಿಯೊ ಇರುತ್ತಿತ್ತು. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದದ್ದು. ಅದಕ್ಕೆ ನಮ್ಮ ಕಡೆಯ ಬೀಡಿ ಕಟ್ಟುವ ಹೆಂಗಸರಷ್ಟು ನಿಯತ್ತಿನ ಕೇಳುಗರು ಬೇರೆ ಯಾರೂ ಇರಲಿಲ್ಲ ಅಂತ ನನ್ನ ಅನುಮಾನ.

ಸಂಜೆ ಬ್ರಾಂಚಿಗೆ ಹೋಗಬೇಕು. ಬ್ರಾಂಚ್ ಅಂದರೆ ಕಂಪನಿಯ ಆಫೀಸು ಅಂದುಕೊಳ್ಳಬೇಡಿ. ಅದು ಗುತ್ತಿಗೆದಾರನ ಒಂದು ಕೋಣೆ. ಅಲ್ಲಿ ಎಲೆ, ಪುಡಿ ತೂಗಿ ಕೊಡುತ್ತಾರೆ, ಕಟ್ಟಿದ ಬೀಡಿ ಎಣಿಸಿ ತೆಗೆದುಕೊಳ್ಳುತ್ತಾರೆ. ತೂಕದಲ್ಲಿ ಎಲೆ ಸರಿಯಿದ್ದರೂ ಅರ್ಧ ತೂತು, ಅರ್ಧ ಹರುಕು. ಸಾವಿರಕ್ಕೆ ಸಾಲದಿದ್ದರೆ ಕೈಯಿಂದ ದುಡ್ಡು ಹಾಕಿ ಎಲೆ ಕೊಳ್ಳಬೇಕು. ಆಮೇಲೆ ಚೆಕ್ ಮಾಡುವವರ ಸರದಿ. ಕಟ್ಟನ್ನು ಅಂಗೈಯಲ್ಲಿ ಒತ್ತಿ ನೋಡಿ, ಸಡಿಲ ಅನಿಸಿದರೆ ಬದಿಗೆ ಎಸೆಯುತ್ತಾರೆ. ಎಸೆದ ಬೀಡಿಗೆ ಕೂಲಿ ಇಲ್ಲ, ಬೀಡಿಯೂ ವಾಪಸ್ ಇಲ್ಲ. ಒಂದು ಮಳೆಗಾಲದ ಆಟಿ ತಿಂಗಳಲ್ಲಿ ಅಮ್ಮನ ಎಂಟು ಕಟ್ಟು ಹಾಗೆ ಹೋಯಿತು, ತೇವ ಹಿಡಿದಿದೆ ಅಂತ. ಆ ಕೋಣೆಯೇ ಸೋರುತ್ತಿತ್ತು. ನಾನು ಜೊತೆಗಿದ್ದೆ, ಏಳನೇ ಕ್ಲಾಸು. ಅಮ್ಮ ಏನೂ ಹೇಳದೆ ಮರುದಿನದ ಎಲೆ ತೆಗೆದುಕೊಂಡು ಛತ್ರಿ ಬಿಡಿಸಿದರು.

ಯಾಕೆ ಏನೂ ಹೇಳಲಿಲ್ಲ? ಹೇಳಬೇಕಾದ್ದು ಯಾರಿಗೆ? ಗುತ್ತಿಗೆದಾರ ಕಂಪನಿಯತ್ತ ಕೈ ತೋರಿಸುತ್ತಾನೆ. ಕಂಪನಿ ಮಂಗಳೂರಲ್ಲಿ, ಅದಕ್ಕೆ ಅಮ್ಮನ ಮುಖವೇ ಗೊತ್ತಿಲ್ಲ. 1948ರ ಫ್ಯಾಕ್ಟರಿ ಕಾಯ್ದೆ ಯಂತ್ರವಿಲ್ಲದ ಕಡೆ ಅನ್ವಯ ಆಗಬೇಕಾದರೆ ಒಂದೇ ಜಾಗದಲ್ಲಿ 20 ಜನ ಇರಬೇಕಿತ್ತು. ಜಗಲಿಯಲ್ಲಿ ಕೂತವಳು ಒಬ್ಬಳೇ. ಮನೆಮನೆಗೆ ಕೆಲಸ ಹಂಚಿದರೆ ಕಾನೂನಿನ ಕಣ್ಣಿಗೆ ಬೀಳುವ ಫ್ಯಾಕ್ಟರಿಯೇ ಇಲ್ಲ. ಮದ್ರಾಸ್ ಸರಕಾರ 1958ರಲ್ಲಿ ಬೀಡಿ ಕೆಲಸಕ್ಕೆಂದೇ ಒಂದು ಕಾಯ್ದೆ ತಂದಿತು. ಆದರೆ ಒಂದು ರಾಜ್ಯ ಬಿಗಿ ಮಾಡಿದರೆ ಕಂಪನಿಗಳು ಪಕ್ಕದ ರಾಜ್ಯಕ್ಕೆ ಹೋಗುತ್ತಿದ್ದವು. ಕೊನೆಗೆ ಕೇಂದ್ರವೇ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು. ಅದರಲ್ಲಿ ಒಂದು ಗಟ್ಟಿ ಮಾತಿತ್ತು: ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ.

ಕಾನೂನು ಬಂದದ್ದೇ ತಡ, ಗಲಾಟೆ ಶುರು. 1968ರಲ್ಲಿ ಕೇರಳ ಅದನ್ನು ಜಾರಿ ಮಾಡಲು ಹೊರಟಿತು. ಮಂಗಳೂರು ಗಣೇಶ್ ಬೀಡಿ ಆ ಅಕ್ಟೋಬರಿನಲ್ಲಿ ಕೇರಳದ ತನ್ನ ಕೆಲಸವನ್ನು ನಿಲ್ಲಿಸಿತು. ಸುಮಾರು 12,000 ಜನರ ಕೆಲಸ ಹೋಯಿತು. ಆಗ ಕಾಸರಗೋಡಿನ ಸಂಸದರು ಎ.ಕೆ. ಗೋಪಾಲನ್. ಕೆಲಸ ಕಳೆದುಕೊಂಡವರು, ಯೂನಿಯನ್, ಸರಕಾರ ಸೇರಿ 1969ರ ಫೆಬ್ರವರಿಯಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟುಹಾಕಿದರು. ಅದು ಬೆಳೆದು, ಒಂದು ಕಾಲಕ್ಕೆ 42,000 ಜನ ಅದರಲ್ಲಿ ದುಡಿಯುತ್ತಿದ್ದರು. ಬೀಡಿಗೆ ಕಾಲ ಇಳಿದ ಮೇಲೆ ಅದೇ ಸಂಘ ಕೊಡೆ, ತಿಂಡಿ ಸಾಮಾನು, ಐಟಿ ಕೆಲಸಕ್ಕೂ ಇಳಿಯಿತು.

ದಕ್ಷಿಣದ ಆ ಕಡೆಯ ಬೀಡಿ ಶೆಡ್‌ಗಳಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಗಟ್ಟಿಯಾಗಿ ಪೇಪರು ಓದಬೇಕು, ಉಳಿದವರು ಕಟ್ಟುತ್ತಾ ಕೇಳಬೇಕು. ಓದುವವನ ಕೂಲಿ ತಪ್ಪಬಾರದು ಅಂತ ಅವನ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ಕಟ್ಟಿ ಕೊಡುತ್ತಿದ್ದರು. ಯೂನಿಯನ್ ಬೇರು ಬಿಟ್ಟದ್ದು ಅಂಥ ಕಡೆ. ಕುಂಬಳೆಯಿಂದ ಮಂಜೇಶ್ವರದವರೆಗಿನ ನಮ್ಮ ಕಡೆ ಕತೆ ಬೇರೆ. ಇಲ್ಲಿ ಜಾಸ್ತಿ ಹೆಂಗಸರು, ಜಾಸ್ತಿ ಮನೆಗಳು, ಮಂಗಳೂರಿನ ಲೇಬಲ್ಲುಗಳು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಕೂಲಿಯ ಲೆಕ್ಕ ಮಾತ್ರ ಮಂಗಳೂರಿನದ್ದೇ. ಒಬ್ಬೊಬ್ಬರೇ ಜಗಲಿಯಲ್ಲಿ ಕೂತು ಕಟ್ಟುವಾಗ ಯಾರು ಯಾರಿಗೆ ಓದಿ ಹೇಳುವುದು? ಪಕ್ಕದ ಮನೆಯವರ ಎಷ್ಟು ಕಟ್ಟು ಎಸೆದರು ಅಂತ ಗೊತ್ತಾಗುತ್ತಿದ್ದದ್ದು ಬ್ರಾಂಚಿನಿಂದ ವಾಪಸ್ ಬರುವ ದಾರಿಯಲ್ಲಿ. ಅಮ್ಮನವರಿಗೆ ಯೂನಿಯನ್ ಸಭೆ ಅಂದರೆ ಆ ಅರ್ಧ ಗಂಟೆಯ ನಡಿಗೆ.

ಕಂಪನಿಗಳು ಕೋರ್ಟಿಗೆ ಹೋದವು. 1974ರಲ್ಲಿ ಸುಪ್ರೀಂ ಕೋರ್ಟ್ 1966ರ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ನನಗೆ ಅದಕ್ಕಿಂತ ಇಷ್ಟವಾದದ್ದು 1985ರ ಇನ್ನೊಂದು ತೀರ್ಪು. ಮನೆಯಲ್ಲಿ ಬೀಡಿ ಕಟ್ಟುವವರಿಗೆ ಪಿಎಫ್ ಕೊಡಬೇಕಾ ಎಂಬುದು ಪ್ರಶ್ನೆ. ಅವರ ಕೆಲಸದ ಮೇಲೆ ನಮ್ಮ ಉಸ್ತುವಾರಿಯೇ ಇಲ್ಲ, ಹಾಗಿದ್ದ ಮೇಲೆ ನಮ್ಮ ನೌಕರರು ಹೇಗಾಗುತ್ತಾರೆ ಅಂತ ಕಂಪನಿಗಳ ವಾದ. ಕೋರ್ಟ್ ಒಪ್ಪಲಿಲ್ಲ. ಬೀಡಿ ಸರಿಯಿಲ್ಲ ಅಂತ ತಿರಸ್ಕರಿಸುವ ಹಕ್ಕು ನಿಮ್ಮ ಕೈಯಲ್ಲಿದೆಯಲ್ಲ, ಉಸ್ತುವಾರಿ ಅಂದರೆ ಅದೇ ಎಂಬ ಅರ್ಥದಲ್ಲಿ ಹೇಳಿತು. ಅಂದರೆ ಯಾವ ಕೈ ಅಮ್ಮನ ಎಂಟು ಕಟ್ಟು ಎಸೆಯಿತೋ ಆ ಕೈಯೇ ಅಮ್ಮನಿಗೆ ಧಣಿ ಯಾರು ಅಂತ ತೋರಿಸಿಕೊಟ್ಟಿತು. ಅಮ್ಮನಿಗೆ ಪಿಎಫ್ ಸಿಕ್ಕಿದೆ. ಬೀಡಿ ಮೇಲೆ ಹಾಕುತ್ತಿದ್ದ ಸೆಸ್ಸಿನ, ಅಂದರೆ ವಿಶೇಷ ತೆರಿಗೆಯ ದುಡ್ಡಲ್ಲಿ ಬರುತ್ತಿದ್ದ ಸ್ಕಾಲರ್‌ಶಿಪ್ಪಿನಿಂದ ನನ್ನ ಹೈಸ್ಕೂಲಿನ ಪುಸ್ತಕಗಳೂ ಬಂದವು. 1976ರ ಆ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು.

ಅಷ್ಟು ಹೊತ್ತಿಗೆ ಬೀಡಿಯೇ ಸೊರಗಿತ್ತು. 2008ರ ಅಕ್ಟೋಬರ್ 2ರಿಂದ ದೇಶದ ಸಾರ್ವಜನಿಕ ಜಾಗಗಳಲ್ಲಿ ಸೇದುವಂತಿಲ್ಲ. ಜಿಎಸ್‌ಟಿ ಬೀಡಿಗೆ ಶೇ. 28 ಬಿತ್ತು. ಅದಕ್ಕಿಂತ ಮೊದಲೇ ಹುಡುಗಿಯರು ತಡ್ಪೆ ಮುಟ್ಟುವುದನ್ನು ಬಿಟ್ಟಿದ್ದರು. ಗಲ್ಫಿನ ದುಡ್ಡು, ಕುಟುಂಬಶ್ರೀ ಎಂಬ ಕೇರಳದ ಹೆಂಗಸರ ಸ್ವಸಹಾಯ ಗುಂಪುಗಳು, 2007ರಲ್ಲಿ ನಮ್ಮ ಜಿಲ್ಲೆಗೆ ಬಂದ ಉದ್ಯೋಗ ಖಾತರಿ, ಎಲ್ಲಕ್ಕಿಂತ ಹೆಚ್ಚಾಗಿ ಮಂಗಳೂರಿನ ಟ್ರೈನು. ನರ್ಸುಗಳು, ಬಟ್ಟೆ ಅಂಗಡಿಯ ಹುಡುಗಿಯರು, ಕಾಲೇಜಿನವರು ಎಲ್ಲ ಒಂದೇ ಡಬ್ಬಿಯಲ್ಲಿ. ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಕಾದವರಿಗೆ ಕೂರುವ ಹಕ್ಕು ಅಂತ ಕೇರಳ 2018ರಲ್ಲಿ ಕಾನೂನು ತಿದ್ದಿತು. ಕೋಯಿಕ್ಕೋಡಿನ ಅಂಗಡಿ ಹೆಂಗಸರು ವರ್ಷಗಟ್ಟಲೆ ಹೋರಾಡಿ ಪಡೆದದ್ದು. ಆದರೆ ಕೇರಳದ ಕಾನೂನು ಗಡಿಯ ತಲಪಾಡಿ ದಾಟುವುದಿಲ್ಲ. ನಮ್ಮ ಹುಡುಗಿಯರು ಬೆಳಿಗ್ಗೆ ದಾಟುತ್ತಾರೆ.

2020ರ ಮಾರ್ಚಿನಲ್ಲಿ ಆ ತಲಪಾಡಿಯಲ್ಲೇ ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜೀವ ಹೋದವರಿದ್ದಾರೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್ ಅಂತ ಜಗಳ ನಡೆಯಿತು. 2021ರ ಆಗಸ್ಟಿನಲ್ಲಿ ಮತ್ತೆ ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಕಡ್ಡಾಯವಾಯಿತು. ದಿನಾ ಹೋಗಿಬರುವವರು ಎಷ್ಟು ಸಲ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವುದು? ಅಂಗಡಿಯವರು ಕೆಲಸ ಬಿಟ್ಟರು. ಕಂಪ್ಯೂಟರ್ ಕೆಲಸದವರು ಜಗಲಿಗೆ ಬಂದರು.

ಅಕ್ಕನ ಮಗಳು ಬಂದದ್ದೂ ಆಗಲೇ. ಮೊದಲಿಗೆ ಎಲ್ಲರಿಗೂ ಖುಷಿ. ಬೆಂಗಳೂರಿನ ಪಿಜಿ ಬಾಡಿಗೆ ಉಳಿಯಿತು, ಮನೆ ಊಟ ಸಿಕ್ಕಿತು. ಆರು ತಿಂಗಳಲ್ಲಿ ಲೆಕ್ಕ ತಿರುಗಿತು. ಬಸ್ಸಿನಲ್ಲಿ ಹೋಗುತ್ತಿದ್ದ ಹೊತ್ತೂ ಕೆಲಸಕ್ಕೇ ಸೇರಿತು. ಕರೆಂಟು ಹೋದರೆ ಅವಳ ಚಿಂತೆ, ಇನ್ವರ್ಟರ್ ಅವಳ ದುಡ್ಡು. ಕೈಯಿಂದ ಎಲೆ ಕೊಂಡ ಹಾಗೇ, ಅಲ್ವಾ? ಕೆಲಸ 'ಟಿಕೆಟ್' ಅನ್ನುವ ಸಣ್ಣ ಸಣ್ಣ ತುಂಡುಗಳಾಗಿ ಬರುತ್ತದೆ. ದಿನಕ್ಕೆ ಇಷ್ಟು ಮುಗಿಸಬೇಕು. ಮುಗಿಸಿದ್ದನ್ನು ಇನ್ನೊಬ್ಬರು ನೋಡಿ, ಸರಿಯಿಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಒಂದು ವ್ಯತ್ಯಾಸ ಮರೆಯಬಾರದು. ಅವಳಿಗೆ ತಿಂಗಳ ಸಂಬಳ ಇದೆ, ಆಫರ್ ಲೆಟರಿನಲ್ಲಿ ಕಂಪನಿಯ ಹೆಸರಿದೆ. ಜಗಲಿ ಒಂದೇ ಆದರೂ ಅಮ್ಮನ ಬಡತನವನ್ನು ಅವಳ ಸುಸ್ತಿನ ಪಕ್ಕ ಇಟ್ಟು ತೂಗಲು ನನಗೆ ಮನಸ್ಸಿಲ್ಲ.

ಅಮ್ಮನಿಗೆ ನಿಜವಾದ ಜೊತೆ ಅಂದರೆ ಮಂಗಳೂರಿನಲ್ಲಿ ಊಟ ಹಂಚುವ ನಮ್ಮೂರಿನ ಹುಡುಗ. ಬೈಕು ಅವನದ್ದು, ಪೆಟ್ರೋಲು ಅವನದ್ದು, ಕೂಲಿ ಆರ್ಡರಿನ ಲೆಕ್ಕಕ್ಕೆ. ಗಿರಾಕಿಗಳು ಆ್ಯಪಿನಲ್ಲಿ ಕೊಡುವ ಸ್ಟಾರ್ ಕಮ್ಮಿಯಾದರೆ ಆರ್ಡರೂ ಕಮ್ಮಿಯಾಗುತ್ತದೆ ಅನ್ನುತ್ತಾನೆ. ಅವನನ್ನು ನೌಕರ ಅನ್ನುವುದಿಲ್ಲ, 'ಪಾರ್ಟ್ನರ್' ಅನ್ನುತ್ತಾರೆ. ಬ್ರಾಂಚಿನವರು ಅಮ್ಮನನ್ನು ಹೀಗೆ ಯಾವತ್ತೂ ಮರ್ಯಾದೆಯಿಂದ ಕರೆದಿರಲಿಲ್ಲ ಅನ್ನಿ. 2025ರ ನವೆಂಬರ್ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೆಯ ಕಾನೂನುಗಳು ಅವುಗಳಲ್ಲಿ ಸೇರಿಹೋದವು. 1966ರ ಬೀಡಿ ಕಾಯ್ದೆಯೂ ಅದರಲ್ಲಿ ಒಂದು. ಆ್ಯಪ್ ಮೂಲಕ ದುಡಿಯುವವರ ಹೆಸರು ಕೇಂದ್ರದ ಕಾನೂನಿಗೆ ಬಂದದ್ದೂ ಅದೇ ಸಂಹಿತೆಗಳಿಂದ. ಕಂಪನಿಗಳು ವಹಿವಾಟಿನ ಶೇ. 1ರಿಂದ 2ರಷ್ಟನ್ನು ಇವರ ಸಾಮಾಜಿಕ ಭದ್ರತೆಗೆ ಕೊಡಬೇಕು. ಒಳ್ಳೆಯದೇ. ಆದರೆ ಇಂಥ ಬಿಡಿ ಕೆಲಸಕ್ಕೆ ಅದರಲ್ಲಿ ಗಿಗ್ ಕೆಲಸ ಎಂದು ಹೆಸರು, ಸಾಂಪ್ರದಾಯಿಕ ಧಣಿ-ನೌಕರ ಸಂಬಂಧದ ಹೊರಗಿನ ಕೆಲಸ ಎಂದೇ ಬರೆದಿದೆ. ಅಮ್ಮನಿಗೆ 1966ರಲ್ಲಿ ಕಾನೂನು ಕೊಟ್ಟ ಹೆಸರು ಈ ಹುಡುಗನಿಗೆ ಇನ್ನೂ ಸಿಕ್ಕಿಲ್ಲ. ತಿರಸ್ಕರಿಸುವ ಹಕ್ಕು ಇರುವವನೇ ಧಣಿ ಎಂಬ 1985ರ ಮಾತನ್ನು ಸ್ಟಾರುಗಳ ಮುಂದೆ ಇಟ್ಟು ನೋಡಬೇಕು ಅಂತ ನನಗೆ ಬಹಳ ಆಸೆ.

ಕೆಲಸದ ಹೊತ್ತು ಮುಗಿದ ಮೇಲೆ ಫೋನು ಎತ್ತದಿರುವ ಹಕ್ಕಿನ ಬಗ್ಗೆಯೂ ಈಗ ಮಾತು ಬರುತ್ತಿದೆ. ಫ್ರಾನ್ಸಿನಲ್ಲಿ 2017ರಿಂದ ಕಾನೂನೇ ಇದೆ. ನಮ್ಮ ಲೋಕಸಭೆಯಲ್ಲಿ 2018ರಲ್ಲಿ ಸುಪ್ರಿಯಾ ಸುಳೆ ಒಂದು ಖಾಸಗಿ ಮಸೂದೆ ಮಂಡಿಸಿದ್ದರು. ಕಾನೂನು ಆಗಲಿಲ್ಲ.

ಮೊನ್ನೆ ರಾತ್ರಿ ಹತ್ತೂವರೆಗೆ ಅಕ್ಕನ ಮಗಳಿಗೊಂದು ಕಾಲ್ ಬಂತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇಂಗ್ಲಿಷಿನಲ್ಲಿ ಸಾರಿ, ಸಾರಿ ಅನ್ನುತ್ತಿದ್ದಳು. ಅಮ್ಮ ಒಳಗಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ಕಾಲ್ ಮುಗಿಯುವವರೆಗೂ ನಿಂತೇ ಇದ್ದರು. ಆಮೇಲೆ ಕೇಳಿದ್ದು ಒಂದೇ:

"ಎಷ್ಟು ಎಸೆದರು ಮಾರಾಯ್ತಿ?"