ಬಾಡಿಗೆ ಕೊಡದ ಬಾಡಿಗೆ ತಾಯ್ತನ

ಹಾಸನದ ಕಡೆ ಬಾಡಿಗೆ ಎಂದ ಕೂಡಲೇ ನೆನಪಾಗುವುದು ಮನೆ, ಅಂಗಡಿ ಮಳಿಗೆ, ಆಲೂಗಡ್ಡೆ ಬಿತ್ತನೆ ಹೊತ್ತಿಗೆ ಕರೆಸುವ ಟ್ರ್ಯಾಕ್ಟರ್, ಮದುವೆಗೆ ಹಾಕಿಸುವ ಶಾಮಿಯಾನ. ಕೆಲಸ ಮುಗಿದ ಮೇಲೆ ಹಣ ಎಣಿಸಿ ಕೊಟ್ಟರೆ ಋಣ ಹರಿಯಿತು. ಇದೇ ಪದವನ್ನು ನಾವು ತಾಯಿಗೂ ಅಂಟಿಸಿದ್ದೇವೆ. ಆದರೆ ಬಾಡಿಗೆ ತಾಯ್ತನ (ನಿಯಂತ್ರಣ) ಕಾಯ್ದೆ ಜಾರಿಗೆ ಬಂದ 2022ರ ಜನವರಿ 25ರಿಂದ ಈ ದೇಶದಲ್ಲಿ ಇನ್ನೊಬ್ಬರ ಮಗುವನ್ನು ಹೊರುವುದಕ್ಕೆ ಬಾಡಿಗೆ ಎಂಬುದೇ ಇಲ್ಲ. ಅದನ್ನು ದಂಧೆಯಾಗಿ ನಡೆಸಿದವರಿಗೆ 10 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಬಾಡಿಗೆ ಹೋಯಿತು, ಪದ ಉಳಿಯಿತು.

ಮೊದಲು ಬಿಡಿಸಬೇಕಾದ ಗಂಟು ರಕ್ತದ್ದು. ‘ಮಗು ಯಾರ ರಕ್ತ?’ ಎಂದು ಮನೆಯ ಹಿರಿಯರು ಕೇಳಿಯೇ ಕೇಳುತ್ತಾರೆ. ಹಳೆಯ ಬಗೆಯಲ್ಲಿ ಹೊರುವವಳದ್ದೇ ಅಂಡಾಣು ಬಳಸುತ್ತಿದ್ದರು, ಹಾಗಾಗಿ ಮಗು ಅವಳದ್ದೂ ಆಗಿರುತ್ತಿತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ 1986ರಲ್ಲಿ ಹುಟ್ಟಿದ ‘ಬೇಬಿ ಎಂ’ ಅಂಥ ಮಗು. ಹೆತ್ತವಳು ಕೊಡಲಾರೆ ಎಂದಳು, ಜಗಳ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಭಾರತದ ಕಾಯ್ದೆ ಆ ಬಗೆಯನ್ನು ಒಪ್ಪುವುದಿಲ್ಲ. ಇಲ್ಲಿ ಸುಮಾರು ಹತ್ತು ಹನ್ನೆರಡು ದಿನ ಹಾರ್ಮೋನ್ ಚುಚ್ಚುಮದ್ದು ಪಡೆದು ಅಂಡಾಣು ಕೊಡುವವಳು ಸಾಮಾನ್ಯವಾಗಿ ಮಗು ಬಯಸಿದ ಹೆಣ್ಣು. ಅದಕ್ಕೆ ಗಂಡನ ವೀರ್ಯಾಣು ಸೇರಿಸಿ ಪ್ರಯೋಗಾಲಯದಲ್ಲಿ ಮೂರರಿಂದ ಐದು ದಿನ ಬೆಳೆಸಿದ ಭ್ರೂಣವನ್ನು ಇನ್ನೊಬ್ಬಳ ಗರ್ಭಕೋಶದಲ್ಲಿ ಇಡುತ್ತಾರೆ. ಹೊತ್ತವಳು ಆಹಾರ, ಆಮ್ಲಜನಕ, ಬೆಚ್ಚನೆಯ ಜಾಗ ಎಲ್ಲವನ್ನೂ ಕೊಡುತ್ತಾಳೆ. ವಂಶವಾಹಿ ಮಾತ್ರ ಅವಳದ್ದಲ್ಲ. ಹಿರಿಯರ ಪ್ರಶ್ನೆಗೆ ಉತ್ತರ ಇಷ್ಟೇ.

ಯಾರಿಗೆ ಬೇಕು ಇದು? ಹುಟ್ಟಿನಿಂದಲೇ ಗರ್ಭಕೋಶ ಬೆಳೆಯದ ಹೆಣ್ಣುಮಕ್ಕಳಿಗೆ, ಹೆರಿಗೆಯ ರಕ್ತಸ್ರಾವ ನಿಲ್ಲದೆ ಗರ್ಭಕೋಶ ತೆಗೆಸಿಕೊಂಡವರಿಗೆ, ಕ್ಷಯದಿಂದ ಗರ್ಭಕೋಶದ ಒಳಪದರ ಹಾಳಾದವರಿಗೆ, ಬಸಿರೇ ಪ್ರಾಣಕ್ಕೆ ಎರವಾಗಬಲ್ಲ ಹೃದ್ರೋಗಿಗಳಿಗೆ. ಮೈಕಟ್ಟು ಕೆಡದಿರಲೆಂದು ಇದಕ್ಕೆ ಹೋಗುತ್ತಾರೆ ಎಂಬ ಹರಟೆಯನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ವೈದ್ಯಕೀಯ ಕಾರಣವಿಲ್ಲದ ದಂಪತಿಗೆ ಕಾಯ್ದೆ ಬಾಗಿಲೇ ತೆರೆಯುವುದಿಲ್ಲ.

ಈ ವಿದ್ಯೆ ಸಾಧ್ಯವಾದದ್ದು ಪ್ರನಾಳ ಶಿಶುವಿನಿಂದ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಮೂರು ತಿಂಗಳು ತುಂಬುವುದರೊಳಗೆ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ದುರ್ಗಾ ಹುಟ್ಟಿದಳು. ಸರ್ಕಾರ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಮಾನ್ಯತೆ ಬಂದದ್ದು ಬಹಳ ತಡವಾಗಿ.

ಆನಂದ್ ಎಂದರೆ ಹಾಲಿನ ಡೇರಿ ಕಂಡ ನಮ್ಮ ಜಿಲ್ಲೆಯವರಿಗೆ ಅಮುಲ್ ನೆನಪಾಗುತ್ತದೆ. ಗುಜರಾತಿನ ಅದೇ ಊರಿನಲ್ಲಿ 2004ರಲ್ಲಿ ಒಬ್ಬ ಅಜ್ಜಿ, ಇಂಗ್ಲೆಂಡಿನಲ್ಲಿದ್ದ ತನ್ನ ಮಗಳಿಗಾಗಿ ಅವಳಿ ಮೊಮ್ಮಕ್ಕಳನ್ನು ತಾನೇ ಹೊತ್ತು ಹೆತ್ತಳು. ಆ ಸುದ್ದಿ ಪ್ರಪಂಚ ಸುತ್ತಿತು. ಆಮೇಲೆ ಹೊರದೇಶದ ದಂಪತಿಗಳು ಆ ಊರಿನ ದಾರಿ ಹಿಡಿದರು, ಬಡ ಹೆಣ್ಣುಮಕ್ಕಳು ಒಂಬತ್ತು ತಿಂಗಳು ಹಾಸ್ಟೆಲಿನಲ್ಲಿ ಉಳಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2005ರಲ್ಲಿ ಮಾರ್ಗಸೂಚಿ ಕೊಟ್ಟಿತು. ಅದು ಕಾನೂನಲ್ಲ, ಬರಿಯ ಹಿತವಚನ.

ಅದರ ಟೊಳ್ಳು ಬಯಲಾದದ್ದು 2008ರಲ್ಲಿ. ಜಪಾನಿನ ದಂಪತಿಗಾಗಿ ಆನಂದ್‌ನಲ್ಲಿ ಮಂಜಿ ಎಂಬ ಹೆಣ್ಣುಮಗು ಹುಟ್ಟಿದ್ದು ಜುಲೈ 25ರಂದು, ಲೂಯಿಸ್ ಬ್ರೌನ್‌ಳ ಮೂವತ್ತನೆಯ ಹುಟ್ಟುಹಬ್ಬದ ದಿನ. ಅಷ್ಟರಲ್ಲಿ ದಂಪತಿ ವಿಚ್ಛೇದನ ಪಡೆದಿದ್ದರು. ಅಂಡಾಣು ಕೊಟ್ಟವಳು ಅನಾಮಧೇಯಳು, ಹೊತ್ತವಳ ಕೆಲಸ ಮುಗಿದಿತ್ತು, ಮಗು ಬಯಸಿದ್ದ ಹೆಣ್ಣು ಹಿಂದೆ ಸರಿದಿದ್ದಳು. ಮೂವರು ತಾಯಂದಿರಿದ್ದ ಕೂಸಿಗೆ ಕಾಗದದ ಮೇಲೆ ಒಬ್ಬಳೂ ಇಲ್ಲ. ಹಾಗಾಗಿ ಪಾಸ್‌ಪೋರ್ಟೂ ಇಲ್ಲ. ಜಪಾನಿನಿಂದ ಅಜ್ಜಿ ಬಂದು ಸುಪ್ರೀಂ ಕೋರ್ಟಿನವರೆಗೆ ಅಲೆದು ಮೊಮ್ಮಗಳನ್ನು ಕರೆದೊಯ್ದಳು. ಮರುವರ್ಷ ಕಾನೂನು ಆಯೋಗ ತನ್ನ 228ನೇ ವರದಿಯಲ್ಲಿ ಹಣದ ವ್ಯವಹಾರ ನಿಲ್ಲಬೇಕೆಂದಿತು. 2015ರಲ್ಲಿ ವಿದೇಶಿಯರಿಗೆ ಬಾಗಿಲು ಮುಚ್ಚಿತು, 2016ರಲ್ಲಿ ಮಸೂದೆ ಬಂತು, 2021ರ ಡಿಸೆಂಬರಿನಲ್ಲಿ ಕಾಯ್ದೆಯಾಯಿತು.

ನಡುವೆ 2017ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಬೇರೆಯೇ ಮಾತು ಹೇಳಿತ್ತು. ಹೊರುವವಳಿಗೆ ಪರಿಹಾರ ಕೊಡಿ, ತಪ್ಪಿದ ದುಡಿಮೆಯ ದಿನಗಳನ್ನು, ಅವಳ ಮಕ್ಕಳನ್ನು ನೋಡಿಕೊಳ್ಳುವ ಖರ್ಚನ್ನು, ಬಾಣಂತನದ ಆರೈಕೆಯನ್ನು ಲೆಕ್ಕಕ್ಕೆ ಹಿಡಿಯಿರಿ ಎಂದಿತ್ತು. ಸರ್ಕಾರ ಒಪ್ಪಲಿಲ್ಲ. ಚಿಕಿತ್ಸೆಯ ಖರ್ಚು, ವಿಮೆ ಹಾಗೂ ನಿಯಮದಲ್ಲಿ ಹೇಳಿದ ಕೆಲವು ವೆಚ್ಚ, ಅಷ್ಟೇ. ಉಳಿದದ್ದು ಪರೋಪಕಾರ.

ಶೃಂಗೇರಿಗೆ ಹೋದವರು ತುಂಗೆಯ ದಡದಲ್ಲಿ ಕಪ್ಪೆ ಶಂಕರನನ್ನು ನೋಡಿರುತ್ತಾರೆ. ಪ್ರಸವ ವೇದನೆಯಲ್ಲಿದ್ದ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಹಿಡಿದದ್ದನ್ನು ಕಂಡು ಶಂಕರರು ಅಲ್ಲಿಯೇ ನೆಲೆಸಲು ಮನಸ್ಸು ಮಾಡಿದರೆಂಬುದು ಪ್ರತೀತಿ. ಕಾಯ್ದೆ ಬಯಸುವ ಪರೋಪಕಾರ ಹೆಚ್ಚುಕಡಿಮೆ ಈ ನೆರಳಿನಂಥದ್ದು. ಆದರೆ ಹಾವು ಹೆಡೆ ಎತ್ತಿದ್ದು ಒಂದು ಮಧ್ಯಾಹ್ನ. ಇಲ್ಲಿ ಒಂಬತ್ತು ತಿಂಗಳು, ಅದರ ಮೇಲೆ ಬಾಣಂತನ. ಮೂಡಿಗೆರೆಯ ತೋಟದಲ್ಲಿ ಕಾಫಿ ಕುಯ್ಲಿನ ಕೂಲಿ ನಂಬಿದವಳು ಯಾರಿಗಾಗಿ ಈ ನೆರಳು ಹಿಡಿದಾಳು?

2019ರ ಮಸೂದೆ ಹತ್ತಿರದ ಸಂಬಂಧಿಯೇ ಹೊರಬೇಕೆಂದಿತ್ತು. ರಾಜ್ಯಸಭೆಯ ಆಯ್ಕೆ ಸಮಿತಿ ಅದನ್ನು ‘ಇಚ್ಛಿಸುವ ಹೆಣ್ಣು’ ಎಂದು ಸಡಿಲಿಸಿತು. ಕಾಯ್ದೆಯ ಷರತ್ತು ನೋಡಿ: ವಯಸ್ಸು 25ರಿಂದ 35, ಮದುವೆಯಾಗಿರಬೇಕು, ಸ್ವಂತ ಮಗುವಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ಹೊರಬಹುದು. ಹಣವಿಲ್ಲದೆ ಇಷ್ಟಕ್ಕೆ ಒಪ್ಪುವವಳನ್ನು ಹುಡುಕಿದರೆ ಕಣ್ಣು ಕೊನೆಗೆ ತಂಗಿಯ ಮೇಲೋ ನಾದಿನಿಯ ಮೇಲೋ ಓರಗಿತ್ತಿಯ ಮೇಲೋ ನಿಲ್ಲುತ್ತದೆ. ತುಂಬಿದ ಮನೆಯಲ್ಲಿ ಅತ್ತೆ ಕೇಳಿದ್ದಕ್ಕೆ ಓರಗಿತ್ತಿ ‘ಆಗಲಿ’ ಎಂದರೆ ಅದು ಇಚ್ಛೆಯೋ ದಾಕ್ಷಿಣ್ಯವೋ? ದಂಧೆ ಸಿಕ್ಕಿಬಿದ್ದಾಗ ಹೆಣ್ಣನ್ನು ಗಂಡನೋ ನೆಂಟರೋ ಬಲವಂತಪಡಿಸಿದ್ದಾರೆಂದೇ ನ್ಯಾಯಾಲಯ ಮೊದಲು ಭಾವಿಸಬೇಕು ಎನ್ನುತ್ತದೆ ಕಾಯ್ದೆ. ನೆಂಟರ ಬಲವಂತ ಎಂಥದ್ದೆಂದು ಅದಕ್ಕೂ ಗೊತ್ತಿದೆ ಎಂದಾಯಿತು.

ದಾರಿ ಹೀಗಿದೆ. ಮದುವೆಯಾದ ದಂಪತಿಯಲ್ಲಿ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷ. ವಿಧವೆ ಅಥವಾ ವಿಚ್ಛೇದಿತೆಯಾದರೆ 35ರಿಂದ 45. ದಂಪತಿಗೆ ಬದುಕಿರುವ ಮಗು ಇರಬಾರದು, ಇದ್ದರೂ ಅದು ಅಂಗವೈಕಲ್ಯದಿಂದಲೋ ಗುಣವಾಗದ ಮಾರಕ ಕಾಯಿಲೆಯಿಂದಲೋ ಬಳಲುತ್ತಿರಬೇಕು. ಚಿಕಿತ್ಸೆಗೆ ಬೆಂಗಳೂರಿನ ಬಸ್ ಹತ್ತುವ ಮೊದಲು ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬೇಕು. ಅದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿಯ ಜೊತೆ ಪ್ರಸೂತಿ ತಜ್ಞರು, ಮಕ್ಕಳ ತಜ್ಞರು ಇರುತ್ತಾರೆ. ಆಮೇಲೆ ಮಗುವಿನ ಪೋಷಕರು ಯಾರೆಂದು ಮ್ಯಾಜಿಸ್ಟ್ರೇಟರ ಆದೇಶ, ಆಮೇಲೆ ಸಕ್ಷಮ ಪ್ರಾಧಿಕಾರದ ಅನುಮತಿ.

ವಯಸ್ಸಿನ ಗೆರೆ ಎಷ್ಟು ಕುರುಡಾಗಬಹುದು ಎಂಬುದಕ್ಕೆ ನಮ್ಮ ಹೈಕೋರ್ಟಿನ ಮುಂದೆ ಬಂದ ಪ್ರಕರಣವೊಂದು ಸಾಕು. 23 ವರ್ಷದ ಮಗನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ದಂಪತಿ ಮತ್ತೆ ಮಗು ಬಯಸಿದರು, ಗಂಡನಿಗೆ 57. 2023ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ವಯಸ್ಸೊಂದನ್ನೇ ಹಿಡಿಯದೆ ಆನುವಂಶಿಕ, ದೈಹಿಕ, ಆರ್ಥಿಕ ಎಂಬ ಮೂರು ಪರೀಕ್ಷೆ ಸೂಚಿಸಿದರು. ಮಗುವನ್ನು ಎತ್ತಿ ಆಡಿಸುವ ಕಸುವಿದೆಯೇ ಎಂಬುದೂ ಅದರಲ್ಲಿ ಸೇರಿತ್ತು. ಕಾಯ್ದೆ ಬರುವ ಮೊದಲೇ ಭ್ರೂಣ ಶೈತ್ಯೀಕರಿಸಿ ಇಟ್ಟಿದ್ದವರಿಗೆ ಈ ಮಿತಿ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರಿನಲ್ಲಿ ಹೇಳಿತು. ದಾನಿಯ ಅಂಡಾಣುವಿನ ವಿಷಯದಲ್ಲಿ ಸರ್ಕಾರವೇ ಹೊಯ್ದಾಡಿತು: 2023ರ ಮಾರ್ಚ್‌ನಲ್ಲಿ ಬೇಡವೆಂದಿತು, 2024ರ ಫೆಬ್ರವರಿಯಲ್ಲಿ ವೈದ್ಯಕೀಯ ಕಾರಣವಿದ್ದರೆ ಇಬ್ಬರಲ್ಲಿ ಒಬ್ಬರದ್ದು ದಾನಿಯದ್ದಾಗಬಹುದು ಎಂದಿತು.

ಹೊರುವವಳಿಗೆ ಎಲ್ಲ ಅಪಾಯಗಳನ್ನೂ ತಿಳಿಸಿ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು. ಭ್ರೂಣ ಇಡುವ ಕ್ಷಣದವರೆಗೂ ಅವಳು ‘ಬೇಡ’ ಎನ್ನಬಹುದು. ಹೆರಿಗೆಯಾದ ಮೇಲೆ ಮ್ಯಾಜಿಸ್ಟ್ರೇಟರ ಆದೇಶದಂತೆ ಜನನ ದಾಖಲೆಗೆ ಹೋಗುವುದು ಮಗು ಬಯಸಿದವರ ಹೆಸರು. ಹೊತ್ತವಳ ಹೆಸರು ವಿಮೆಯ ಕಾಗದದಲ್ಲಿರುತ್ತದೆ. ಅದರ ಅವಧಿ 36 ತಿಂಗಳು.